ಅಗಸಿ ಬಾಗಿಲು ಕೆಟ್ಟರೆ ಊರಿಗೇ ಬೆಂಕಿ ಹಚ್ಚುತ್ತೀರಾ?

"ಫಾರ್ಮ್ಯಾಟ್ ಹೊಡೀಬೇಕ್ರಿ. ಬ್ಯಾರೆ ದಾರಿ ಇಲ್ಲ."

ಪುರ್ತಗೇರಿಯಿಂದ ಕಂಪ್ಯೂಟರ್ ಹೊತ್ತುಕೊಂಡು ಪೇಟೆಗೆ ಹೋದ ನಮಗೆ ಎರಡು ಸಲ ಸಿಕ್ಕ ಉತ್ತರ ಇದು. ಎರಡು ಸಲವೂ ಕಾಯಿಲೆ ಒಂದೇ. ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಆಗಿತ್ತು, ಆಮೇಲೆ ಒಳಗೆ ಹೋಗಲು ಆಗಲಿಲ್ಲ. ಮೊದಲ ಸಲ ನಾವು ಆ ಮಾತು ನಂಬಿದೆವು. ಎರಡನೇ ಸಲ ನಂಬಲಿಲ್ಲ. ಆ ವ್ಯತ್ಯಾಸದ ಬೆಲೆ ಎಷ್ಟು ಅಂತ ನಮಗೆ ಗೊತ್ತು. ಅದಕ್ಕೇ ಈ ಬರಹ.

ಮೊದಲ ಲ್ಯಾಪ್‌ಟಾಪಿನಲ್ಲಿ ಏನಿತ್ತು ಅಂತ ಮೊದಲು ಹೇಳುತ್ತೇವೆ. ಓದು ಮುಗಿಸಿ ಊರಿಗೆ ಬಂದ ಹೊಸದರಲ್ಲಿ ನಾವು ಹಿರಿಯರ ಮಾತು ರೆಕಾರ್ಡ್ ಮಾಡುತ್ತಿದ್ದೆವು. ಅದರಲ್ಲಿ ಒಬ್ಬ ಅಜ್ಜಿ ಹೇಳಿದ ಬೀಸುಕಲ್ಲಿನ ಪದಗಳಿದ್ದವು. ಒಂದು ಮಧ್ಯಾಹ್ನವಿಡೀ ಕೂತು ಹೇಳಿದ್ದಳು. "ಮುಂದಿನ ವಾರ ಬರ್‍ರಿ, ಇನ್ನೂ ಅದಾವ" ಅಂದಿದ್ದಳು. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಹೊಸದರಂತೆ ಹೊಳೆಯುತ್ತ ವಾಪಸ್ ಬಂತು. ಪದಗಳು ಬರಲಿಲ್ಲ. ಆ ಅಜ್ಜಿ ಈಗ ಇಲ್ಲ.

ತಪ್ಪು ನಮ್ಮದೂ ಇದೆ. ಇನ್ನೊಂದು ಪ್ರತಿ ಇಟ್ಟುಕೊಂಡಿರಲಿಲ್ಲ. ಅದನ್ನು ಒಪ್ಪಿಕೊಂಡೇ ಹೇಳುತ್ತೇವೆ: ಆ ದಿನ ಆ ಲ್ಯಾಪ್‌ಟಾಪಿನಲ್ಲಿ ಪದಗಳು ಸುರಕ್ಷಿತವಾಗಿಯೇ ಇದ್ದವು ಅಂತ ಈಗ ನಮಗೆ ಬಲವಾಗಿ ಅನಿಸುತ್ತದೆ. ಕೆಟ್ಟಿದ್ದು ಬಾಗಿಲು ಮಾತ್ರ. ಮನೆಯನ್ನು ಕೆಡವಿದ್ದು ನಾವು.

ಕೆಟ್ಟಿದ್ದು ಏನು, ಕೆಡದೆ ಉಳಿದಿದ್ದು ಏನು

ನಮ್ಮ ಕಡೆಯ ಹಳೆಯ ಊರುಗಳಿಗೆ ಅಗಸಿ ಇರುತ್ತದೆ. ಅಗಸಿಯ ಬಾಗಿಲು ಜಾಮ್ ಆದರೆ ಹೊರಗಿನವರು ಒಳಗೆ ಬರಲಾರರು. ಆದರೆ ಒಳಗೆ ಊರು ಊರಾಗಿಯೇ ಇರುತ್ತದೆ. ಮನೆ, ಹಗೇವು, ದನ, ಜನ ಎಲ್ಲ ಇದ್ದಲ್ಲೇ. ಕಂಪ್ಯೂಟರಿನ ಲಾಗಿನ್ ಪರದೆ ಅಂದರೆ ಅಗಸಿ.

ಕಂಪ್ಯೂಟರ್ ಆನ್ ಆದಾಗ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೊದಲು ಯಂತ್ರ ಎಚ್ಚರವಾಗುತ್ತದೆ. ಆಮೇಲೆ ಕರ್ನಲ್ ಅನ್ನುವ ಮೂಲ ತಂತ್ರಾಂಶ ಏಳುತ್ತದೆ. ಅದು ಹಾರ್ಡ್ ಡಿಸ್ಕನ್ನು ತೆರೆದು ಹಿನ್ನೆಲೆಯ ಸೇವೆಗಳನ್ನು ಶುರು ಮಾಡುತ್ತದೆ. ಇಷ್ಟೆಲ್ಲ ಆದ ಮೇಲೆ, ಕೊನೆಗೆ, ಹೆಸರು ಮತ್ತು ಪಾಸ್‌ವರ್ಡ್ ಕೇಳುವ ಚಿತ್ರದ ಪರದೆ ಬರುತ್ತದೆ. ಲಿನಕ್ಸ್‌ನಲ್ಲಿ ಈ ಪರದೆಯನ್ನು ತೋರಿಸುವುದು ಡಿಸ್‌ಪ್ಲೇ ಮ್ಯಾನೇಜರ್ ಅನ್ನುವ ಒಂದು ಸಣ್ಣ ಕಾರ್ಯಕ್ರಮ. ಉಬುಂಟುವಿನಲ್ಲಿ ಅದರ ಹೆಸರು ಜಿಡಿಎಂ, ಲಿನಕ್ಸ್ ಮಿಂಟ್‌ನಲ್ಲಿ ಲೈಟ್‌ಡಿಎಂ. ಪಾಸ್‌ವರ್ಡ್ ಸರಿಯಾದರೆ ಅದು ನಿಮ್ಮನ್ನು ಡೆಸ್ಕ್‌ಟಾಪ್‌ಗೆ ಒಪ್ಪಿಸಿ ಹಿಂದೆ ಸರಿಯುತ್ತದೆ.

ಅಪ್‌ಗ್ರೇಡ್ ಆದ ಮೇಲೆ ಕೈಕೊಡುವುದು ಬಹಳ ಸಲ ಈ ಕೊನೆಯ ಎರಡು ಮೆಟ್ಟಿಲು. ನಿಮ್ಮ ಫೋಟೋ, ಲೆಕ್ಕ, ಅರ್ಜಿ, ರೆಕಾರ್ಡಿಂಗ್ ಇರುವುದು ಅಲ್ಲಿ ಅಲ್ಲ. ಅವು ಇರುವುದು ಡಿಸ್ಕಿನಲ್ಲಿ. ಡಿಸ್ಕ್ ಆಗಲೇ ತೆರೆದುಕೊಂಡಿದೆ.

ಪಾಸ್‌ವರ್ಡ್ ಹಾಕಿದ ಮೇಲೆ ಒಂದು ಕ್ಷಣ ಕಪ್ಪಾಗಿ ಮತ್ತೆ ಅದೇ ಲಾಗಿನ್ ಪರದೆ ಬರುತ್ತದಲ್ಲ, ಅದನ್ನು ಜನ "ಪಾಸ್‌ವರ್ಡ್ ಹಾಳಾತು" ಅನ್ನುತ್ತಾರೆ. ಅಲ್ಲ. ಪಾಸ್‌ವರ್ಡ್ ತಪ್ಪಾಗಿದ್ದರೆ ತಪ್ಪು ಅಂತಲೇ ಹೇಳುತ್ತಿತ್ತು. ಅದು ನಿಮ್ಮನ್ನು ಒಪ್ಪಿದೆ, ಒಳಗೆ ಕರೆದಿದೆ. ಡೆಸ್ಕ್‌ಟಾಪ್ ನಿಲ್ಲಲಾಗದೆ ಕುಸಿದಿದೆ, ಅದಕ್ಕೆ ನಿಮ್ಮನ್ನು ಮತ್ತೆ ಹೊಸ್ತಿಲಿಗೆ ತಂದು ಬಿಟ್ಟಿದೆ. ಇಷ್ಟಕ್ಕೆ ಊರು ಸುಡುವುದೇ?

ಫಾರ್ಮ್ಯಾಟ್ ಯಾಕೆ ಇಷ್ಟು ಸುಲಭ?

ಅಂಗಡಿಯವರನ್ನು ಬೈಯುವುದು ಸುಲಭ. ನ್ಯಾಯವಾಗಿ ಯೋಚಿಸಿದರೆ ಅವರ ಕಷ್ಟವೂ ಕಾಣುತ್ತದೆ. ಗಿರಾಕಿ ಎದುರಿಗೆ ನಿಂತಿರುತ್ತಾನೆ, ಬಸ್ಸಿನ ಹೊತ್ತಾಗಿರುತ್ತದೆ. ಕಾರಣ ಹುಡುಕಲು ಹತ್ತು ನಿಮಿಷವೂ ಆಗಬಹುದು, ಅರ್ಧ ದಿನವೂ ಆಗಬಹುದು. ಫಾರ್ಮ್ಯಾಟ್‌ಗೆ ಎಷ್ಟು ಹೊತ್ತು ಬೇಕು ಅಂತ ಮೊದಲೇ ಗೊತ್ತು. ಹುಡುಕಿದ್ದಕ್ಕೆ ನಾವು ಹಣ ಕೊಡುವುದಿಲ್ಲ, ಹೊಸದಾಗಿ ಹಾಕಿದ್ದಕ್ಕೆ ಕೊಡುತ್ತೇವೆ. ಹಾಗಾದರೆ ಅವರು ಯಾಕೆ ಹುಡುಕುತ್ತಾರೆ?

ಆದರೂ ಒಂದು ಪ್ರಶ್ನೆ ಬಿಡುವುದಿಲ್ಲ. ಅಳಿಸುವ ಮೊದಲು "ಇದರಾಗ ನಿಮಗ ಬೇಕಾದ್ದು ಏನೈತಿ?" ಅಂತ ಕೇಳಲು ಎಷ್ಟು ಹೊತ್ತು ಬೇಕು? ಪತ್ರಿಕೋದ್ಯಮ ತರಗತಿಯಲ್ಲಿ ನಮಗೆ ಮೊದಲ ದಿನ ಕಲಿಸಿದ್ದು ಏನಾಯಿತು, ಯಾವಾಗ ಆಯಿತು, ಯಾಕೆ ಆಯಿತು ಅಂತ ಕೇಳುವುದು. ಫಾರ್ಮ್ಯಾಟ್ ಈ ಮೂರು ಪ್ರಶ್ನೆಗಳನ್ನೂ ಒಟ್ಟಿಗೆ ಕೊಲ್ಲುತ್ತದೆ. ಕಡತ ಮಾತ್ರ ಹೋಗುವುದಿಲ್ಲ, ಸಾಕ್ಷಿಯೂ ಹೋಗುತ್ತದೆ. ನಮ್ಮ ಮೊದಲ ಲ್ಯಾಪ್‌ಟಾಪ್ ಯಾಕೆ ಕೆಟ್ಟಿತು ಅಂತ ಇವತ್ತಿಗೂ ಯಾರೂ ಹೇಳಲಾರರು.

1905ರಲ್ಲಿ ನಮ್ಮದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿತು. ಹಳ್ಳಿಯ ಜನ ಒಬ್ಬರನ್ನೊಬ್ಬರು ನಂಬಿ, ಲೆಕ್ಕದ ಪುಸ್ತಕವನ್ನು ನಂಬಿ ನಡೆಸಿದ ಸಂಘ. ಕಚೇರಿಯ ಬೀಗ ಕೆಟ್ಟಿತೆಂದು ಯಾರಾದರೂ ಬಂದು "ಒಳಗಿನ ಪುಸ್ತಕ ಸುಟ್ಟು ಹೊಸ ಪುಸ್ತಕ ಇಡ್ತೀವಿ, ಬೀಗ ಸರಿ ಹೋಗತೈತಿ" ಅಂದಿದ್ದರೆ ಜನ ಏನು ಮಾಡುತ್ತಿದ್ದರು? ಇವತ್ತು ಸ್ತ್ರೀಶಕ್ತಿ ಗುಂಪಿನ ಲೆಕ್ಕ, ಹಾಲಿನ ಡೇರಿಯ ಲೆಕ್ಕ, ಅಂಗಡಿಯ ಉದ್ರಿ ಎಲ್ಲ ಕಂಪ್ಯೂಟರಿಗೆ ಹೋಗುತ್ತಿವೆ. ಅದೇ ಮಾತನ್ನು ಈಗ ನಾವು ತಲೆ ಅಲ್ಲಾಡಿಸಿ ಕೇಳಿಕೊಂಡು ಬರುತ್ತೇವೆ. ಹಣವನ್ನೂ ಕೊಟ್ಟು ಬರುತ್ತೇವೆ.

ದೊಡ್ಡವರು ಫಾರ್ಮ್ಯಾಟ್ ಮಾಡುತ್ತಾರೆಯೇ?

2024ರ ಜುಲೈ 19 ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ತಂತ್ರಾಂಶದ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ಮೈಕ್ರೋಸಾಫ್ಟ್ ಕೊಟ್ಟ ಅಂದಾಜು 85 ಲಕ್ಷ ಯಂತ್ರ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು.

ಆಗ ಹೇಳಿದ ಪರಿಹಾರ ಏನು? ಸೇಫ್ ಮೋಡ್‌ನಲ್ಲಿ ತೆರೆಯಿರಿ, ಆ ಕೆಟ್ಟ ಕಡತವನ್ನು ಅಳಿಸಿರಿ, ಮತ್ತೆ ಆನ್ ಮಾಡಿರಿ. ವಿಮಾನ ಕಂಪನಿಗೆ ಕೆಟ್ಟ ಕಡತ ಹುಡುಕಿ ತೆಗೆಯುವ ದಾರಿ, ಪುರ್ತಗೇರಿಯ ರೈತನ ಮಗಳ ಲ್ಯಾಪ್‌ಟಾಪಿಗೆ ಎಲ್ಲವನ್ನೂ ಅಳಿಸುವ ದಾರಿ. ಕಡತ ಯಾರದಾದರೂ ಕಡತವೇ ಅಲ್ಲವೇ?

ಎರಡನೇ ಲ್ಯಾಪ್‌ಟಾಪ್

ಇದು 2025ರ ಮಾತು. ಉಬುಂಟು 20.04ಕ್ಕೆ ಸಾಮಾನ್ಯ ಬೆಂಬಲ ಆ ವರ್ಷದ ಮೇ ತಿಂಗಳಲ್ಲಿ ಮುಗಿಯಿತು. 22.04ಕ್ಕೆ ಹೋಗೋಣ ಅಂತ ಅಪ್‌ಗ್ರೇಡ್ ಶುರು ಮಾಡಿದೆವು. ಹಳೆಯ ಲ್ಯಾಪ್‌ಟಾಪ್, ಬ್ಯಾಟರಿ ಸತ್ತು ಬಹಳ ದಿನವಾಗಿತ್ತು. ಅರ್ಧಕ್ಕೆ ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಒಂದು ಗೆರೆ ಮಿಣುಕುತ್ತಿತ್ತು. ಪೇಟೆಗೆ ಒಯ್ದೆವು. ಅದೇ ಮಾತು ಕೇಳಿದೆವು. ಹಾಗೇ ವಾಪಸ್ ತಂದೆವು.

ಫೋನಿನಲ್ಲಿ ಓದುತ್ತ, ಗೆಳೆಯರನ್ನು ಕೇಳುತ್ತ ಕೂತೆವು. ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದಾಗ ಬರಿಯ ಅಕ್ಷರದ ಪರದೆ ಬಂತು. ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು, ಒಳಗೆ ಬಿಟ್ಟಿತು. ಕಡತಗಳ ಪಟ್ಟಿ ಕೇಳಿದೆವು. ಒಂದೂ ಬಿಡದೆ ಎಲ್ಲ ಇದ್ದವು. ಅಗಸಿ ಮುಚ್ಚಿತ್ತು, ನಾವು ಪಕ್ಕದ ಕಿಂಡಿಯಿಂದ ಹೋಗಿದ್ದೆವು. ಅರ್ಧಕ್ಕೆ ನಿಂತ ಕೆಲಸ ಮುಗಿಸು ಅಂತ ಒಂದು ಆಜ್ಞೆ ಕೊಟ್ಟೆವು. ಊಟ ಮುಗಿಸಿ ಬರುವಷ್ಟರಲ್ಲಿ ಅದು ಮುಗಿಸಿತ್ತು. ಮತ್ತೆ ಆನ್ ಮಾಡಿದಾಗ ಲಾಗಿನ್ ಪರದೆ ಏನೂ ಆಗಿಲ್ಲವೆಂಬಂತೆ ಬಂತು.

ನಾವು ಎಂಜಿನಿಯರ್‌ಗಳಲ್ಲ. ನಮ್ಮಿಂದ ಆಗಿದ್ದು ನಿಮ್ಮಿಂದಲೂ ಆಗುತ್ತದೆ.

ಅಂಗಡಿಗೆ ಹೋಗುವ ಮೊದಲು

ಲಿನಕ್ಸ್ ಇದ್ದವರು ಈ ಕ್ರಮದಲ್ಲಿ ನೋಡಿ. ಉಬುಂಟು ಮತ್ತು ಮಿಂಟ್ ಮನಸ್ಸಿನಲ್ಲಿಟ್ಟು ಬರೆದಿದ್ದೇವೆ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದರೂ ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರದಲ್ಲಿ.

ಒಂದು. ಕೀಲಿಮಣೆ ಕನ್ನಡದಲ್ಲಿದೆಯೇ ನೋಡಿ. ಕನ್ನಡ ಟೈಪ್ ಮಾಡುವವರಿಗೆ ಆಗುವ ತೊಂದರೆ ಇದು. ಲಾಗಿನ್ ಪರದೆಯಲ್ಲಿ ಕಗಪ ಅಥವಾ ಬೇರೆ ಕನ್ನಡ ವಿನ್ಯಾಸ ಉಳಿದುಬಿಟ್ಟಿದ್ದರೆ ನೀವು ಒತ್ತುವುದು ಒಂದು, ಬೀಳುವುದು ಇನ್ನೊಂದು. ಪಾಸ್‌ವರ್ಡ್ ಚುಕ್ಕಿಯಾಗಿ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ, ಅದನ್ನು ಇಂಗ್ಲಿಷ್‌ಗೆ ಬದಲಿಸಿ. ಉಬುಂಟುವಿನಲ್ಲಿ ವಿಂಡೋಸ್ ಚಿಹ್ನೆಯ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೂ ಬದಲಾಗುತ್ತದೆ.

ಎರಡು. ಲಾಗಿನ್ ಪರದೆ ಬರುತ್ತದೆ, ಆದರೆ ಒಳಗೆ ಬಿಡುವುದಿಲ್ಲ ಅಂದರೆ, ಉಬುಂಟುವಿನಲ್ಲಿ ಹೆಸರು ಒತ್ತಿದ ಮೇಲೆ ಕೆಳಗಿನ ಮೂಲೆಯಲ್ಲಿ ಹಲ್ಲುಚಕ್ರದ ಚಿತ್ರ ಕಾಣುತ್ತದೆ. ಅದರಲ್ಲಿ ಎಕ್ಸಾರ್ಗ್ ಅಂತ ಇದ್ದರೆ ಅದನ್ನು ಆರಿಸಿ ನೋಡಿ. ಪರದೆಯ ಮೇಲೆ ಚಿತ್ರ ಮೂಡಿಸಲು ವೇಲ್ಯಾಂಡ್ ಮತ್ತು ಎಕ್ಸಾರ್ಗ್ ಅನ್ನುವ ಎರಡು ದಾರಿಗಳಿವೆ. 21.04ರಿಂದ ಉಬುಂಟು ವೇಲ್ಯಾಂಡನ್ನೇ ಮೊದಲ ಆಯ್ಕೆ ಮಾಡಿತು. ಹಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಹೊಸ ದಾರಿ ಕೆಲವೊಮ್ಮೆ ಒಗ್ಗುವುದಿಲ್ಲ. 25.10ರಲ್ಲಿ ಈ ಎಕ್ಸಾರ್ಗ್ ಆಯ್ಕೆಯನ್ನೇ ತೆಗೆದಿದ್ದಾರೆ, ಅದು ನೆನಪಿರಲಿ.

ಮೂರು. ಪರದೆ ಪೂರ್ತಿ ಕಪ್ಪಾಗಿದ್ದರೆ ಹಳೆಯ ಕರ್ನಲ್‌ನಿಂದ ತೆರೆಯಿರಿ. ಆನ್ ಮಾಡುವಾಗ ಶಿಫ್ಟ್ ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ಗ್ರಬ್ ಅನ್ನುವ ಪಟ್ಟಿ ಬರುತ್ತದೆ. ಅದರಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಳೆಯ ಕರ್ನಲ್ ಇರುತ್ತದೆ. ಅದರಿಂದ ಒಳಗೆ ಹೋಗಲು ಆದರೆ ದೋಷ ಬಹುಶಃ ಹೊಸ ಕರ್ನಲ್‌ಗೂ ಗ್ರಾಫಿಕ್ಸ್ ಡ್ರೈವರ್‌ಗೂ ಹೊಂದದೆ ಇದ್ದದ್ದು ಅಂತ ತಿಳಿಯಿರಿ. ಎನ್‌ವಿಡಿಯಾ ಕಾರ್ಡ್ ಇದ್ದವರು ಇದನ್ನೇ ಮೊದಲು ಮಾಡಿ. ಆಮೇಲೆ ಡ್ರೈವರ್ ಮತ್ತೆ ಹಾಕಿಕೊಂಡರೆ ಸಾಕು.

ನಾಲ್ಕು. ಅಕ್ಷರದ ಪರದೆಗೆ ಹೋಗಿ: ಕಂಟ್ರೋಲ್, ಆಲ್ಟ್, ಎಫ್3. ಇಲ್ಲಿ ಪಾಸ್‌ವರ್ಡ್ ಹಾಕುವಾಗ ಚುಕ್ಕಿಯೂ ಕಾಣುವುದಿಲ್ಲ, ಗಾಬರಿಯಾಗಬೇಡಿ. ಟೈಪ್ ಮಾಡಿ ಎಂಟರ್ ಒತ್ತಿ. ಒಳಗೆ ಹೋದ ಮೇಲೆ ಡಿ, ಎಫ್, ಸ್ಪೇಸ್, ಹೈಫನ್, ಎಚ್ ಅಂತ ಹಾಕಿ. ಡಿಸ್ಕಿನ ಲೆಕ್ಕ ಬರುತ್ತದೆ. ಓರೆಗೆರೆ ಒಂದೇ ಇರುವ ಸಾಲಿನಲ್ಲಿ 100% ಅಂತ ಇದ್ದರೆ ಡಿಸ್ಕ್ ತುಂಬಿದೆ. ತುಂಬಿದ ಡಿಸ್ಕಿನಲ್ಲಿ ಡೆಸ್ಕ್‌ಟಾಪಿಗೆ ತನ್ನ ಸಣ್ಣ ಕಡತ ಬರೆಯಲೂ ಜಾಗ ಇರುವುದಿಲ್ಲ, ಅದಕ್ಕೇ ಕುಸಿಯುತ್ತದೆ. ಸುಡೊ, ಸ್ಪೇಸ್, ಎಪಿಟಿ, ಸ್ಪೇಸ್, ಕ್ಲೀನ್ ಅಂದರೆ ಡೌನ್‌ಲೋಡ್ ಆಗಿ ಉಳಿದ ಪ್ಯಾಕೇಜ್‌ಗಳು ಹೋಗುತ್ತವೆ, ನಿಮ್ಮ ಕಡತ ಮುಟ್ಟುವುದಿಲ್ಲ.

ಐದು. ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಿದ್ದರೆ ಅದೇ ಅಕ್ಷರದ ಪರದೆಯಲ್ಲಿ ಸುಡೊ, ಸ್ಪೇಸ್, ಡಿಪಿಕೆಜಿ, ಸ್ಪೇಸ್, ಎರಡು ಹೈಫನ್ ಹಚ್ಚಿ ಕಾನ್ಫಿಗರ್, ಸ್ಪೇಸ್, ಹೈಫನ್, ಎ. ನಮ್ಮನ್ನು ಉಳಿಸಿದ ಆಜ್ಞೆ ಇದು. ಇನ್ನೂ ಪ್ಯಾಕೇಜ್ ಬೇಕು ಅಂದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಬಹಳ ಸಲ ಇಂಟರ್ನೆಟ್ ತಾನಾಗಿಯೇ ಸಿಗುತ್ತದೆ.

ಆರು. ಇದ್ಯಾವುದೂ ಆಗಲಿಲ್ಲ ಅಂದರೆ ಲೈವ್ ಪೆನ್‌ಡ್ರೈವ್. ಉಬುಂಟು ಅಥವಾ ಮಿಂಟ್ ತುಂಬಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ತೆರೆದು "ಇನ್‌ಸ್ಟಾಲ್" ಬಿಟ್ಟು "ಟ್ರೈ" ಆರಿಸಿ. ನಿಮ್ಮ ಡಿಸ್ಕ್ ಫೋಲ್ಡರಿನಂತೆ ಕಾಣುತ್ತದೆ. ಬೇಕಾದ್ದನ್ನೆಲ್ಲ ಇನ್ನೊಂದು ಡ್ರೈವ್‌ಗೆ ನಕಲು ಮಾಡಿ. ಡಿಸ್ಕಿಗೆ ಎನ್‌ಕ್ರಿಪ್ಷನ್ ಹಾಕಿದ್ದರೆ ಅದರ ಪಾಸ್‌ವರ್ಡ್ ಬೇಕಾಗುತ್ತದೆ. ನಕಲು ಆದ ಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಿ, ನಮ್ಮ ತಕರಾರಿಲ್ಲ.

ವಿಂಡೋಸ್ ಇದ್ದವರಿಗೂ ದಾರಿ ಇದೆ. ಪರದೆ ಕಪ್ಪಾದರೆ ವಿಂಡೋಸ್ ಕೀಲಿ, ಕಂಟ್ರೋಲ್, ಶಿಫ್ಟ್, ಬಿ ಒಟ್ಟಿಗೆ ಒತ್ತಿ, ಗ್ರಾಫಿಕ್ಸ್ ಡ್ರೈವರ್ ಮತ್ತೆ ಶುರುವಾಗುತ್ತದೆ. ಆಗದಿದ್ದರೆ ಸೇಫ್ ಮೋಡ್. ದೊಡ್ಡ ಅಪ್‌ಗ್ರೇಡ್ ಆದ ಮೇಲೆ 10 ದಿನದೊಳಗೆ ಹಳೆಯ ಆವೃತ್ತಿಗೆ ಮರಳುವ ಆಯ್ಕೆ ಇರುತ್ತದೆ. ರೀಸೆಟ್ ಮಾಡಲೇಬೇಕಾದರೂ "ನನ್ನ ಕಡತಗಳನ್ನು ಉಳಿಸು" ಅನ್ನುವ ಆಯ್ಕೆ ಅದರಲ್ಲೇ ಇದೆ. ಹಾಕಿಕೊಂಡ ತಂತ್ರಾಂಶ ಹೋಗುತ್ತದೆ, ಕಡತ ಉಳಿಯುತ್ತದೆ. ಈ ಆಯ್ಕೆ ಇದೆ ಅಂತ ನಿಮಗೆ ಯಾರಾದರೂ ಹೇಳಿದ್ದರೇ? ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಲಿಯನ್ನು ಇವತ್ತೇ ಬರೆದಿಟ್ಟುಕೊಳ್ಳಿ.

ಸಂಕಟ ಬಂದಾಗ ಕನ್ನಡ ಯಾಕೆ ಚೌಕವಾಗುತ್ತದೆ?

ಇನ್ನೊಂದು ಸಿಟ್ಟು ಬಾಕಿ ಇದೆ. ಇದು ತಂತ್ರಾಂಶ ಮಾಡುವವರ ಮೇಲೆ.

ಕನ್ನಡ ಪ್ರೀತಿಯಿಂದ ಕಂಪ್ಯೂಟರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದವರು ಅಕ್ಷರದ ಪರದೆಗೆ ಹೋದರೆ ಏನಾಗುತ್ತದೆ ಗೊತ್ತೇ? ಅನುವಾದವಾದ ಸಂದೇಶಗಳು ಚೌಕ, ಪ್ರಶ್ನಾರ್ಥಕ ಚಿಹ್ನೆಗಳಾಗಿ ಬೀಳುತ್ತವೆ. ಲಿನಕ್ಸ್‌ನ ಆ ಪರದೆಯ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ. ನಮ್ಮ ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಬುದ್ಧಿಯೇ ಅದಕ್ಕೆ ಇಲ್ಲ. ಎಲ್ಲ ಸುಖವಾಗಿದ್ದಾಗ ಕನ್ನಡ, ಬಾಗಿಲು ಕೆಟ್ಟಾಗ ಚೌಕ. ಅಂದರೆ ಕನ್ನಡವನ್ನು ಆರಿಸಿಕೊಂಡವನಿಗೇ ದಂಡ.

ಸದ್ಯದ ಉಪಾಯ ಹೀಗಿದೆ. ಒಳಗೆ ಹೋದೊಡನೆ ಎಕ್ಸ್‌ಪೋರ್ಟ್, ಸ್ಪೇಸ್, ಆಮೇಲೆ ಎಲ್ ಎ ಎನ್ ಜಿ ನಾಲ್ಕೂ ದೊಡ್ಡಕ್ಷರದಲ್ಲಿ, ಸಮ ಚಿಹ್ನೆ, ದೊಡ್ಡ ಸಿ. ಸಂದೇಶಗಳು ಇಂಗ್ಲಿಷ್‌ಗೆ ಬರುತ್ತವೆ. ಆದರೆ ಇದು ಉಪಾಯ, ನ್ಯಾಯವಲ್ಲ.

ಇನ್ನು ಡೆಸ್ಕ್‌ಟಾಪ್ ಕುಸಿದಾಗ ಗ್ನೋಮ್ ತೋರಿಸುವ ಬಿಳಿ ಪರದೆ ನೋಡಿ. ಅಯ್ಯೋ, ಏನೋ ತಪ್ಪಾಗಿದೆ, ಹೊರಗೆ ಹೋಗಿ ಮತ್ತೆ ಪ್ರಯತ್ನಿಸಿ ಅನ್ನುವ ಅರ್ಥದ ಮಾತು ಅದರಲ್ಲಿದೆ. ಏನು ತಪ್ಪಾಗಿದೆ? ಡಿಸ್ಕ್ ತುಂಬಿದೆಯೋ, ಡ್ರೈವರ್ ಕೆಟ್ಟಿದೆಯೋ? ಹೇಳುವುದಿಲ್ಲ. "ನಿಮ್ಮ ಕಡತಗಳಿಗೆ ಏನೂ ಆಗಿಲ್ಲ" ಅನ್ನುವ ಒಂದು ಸಾಲು ಹಾಕಿದ್ದರೆ ಎಷ್ಟು ಫಾರ್ಮ್ಯಾಟ್‌ಗಳು ನಿಲ್ಲುತ್ತಿದ್ದವು!

"ಹಂಗಾರ ಅಪ್‌ಗ್ರೇಡೇ ಬ್ಯಾಡ ಬಿಡ್ರಿ"

ಹೀಗೆ ಅನ್ನುವವರೂ ಇದ್ದಾರೆ. ನಾವು ಒಪ್ಪುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನುವ ಕೆಡುಕು ತಂತ್ರಾಂಶ ಜಗತ್ತಿನ ತುಂಬ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೇ ತತ್ತರಿಸಿದವು. ಅದು ನುಗ್ಗಿದ ರಂಧ್ರವನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಹಳ್ಳಿಗಳಲ್ಲಿ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ಆ ಅರ್ಹತೆ ಇಲ್ಲ. ಅವು ಗುಜರಿಗೆ ಹೋಗಬೇಕು ಇಲ್ಲವೇ ಲಿನಕ್ಸ್‌ಗೆ ಬರಬೇಕು. ಹಾಗಾಗಿ ಇದು ನಾಲ್ಕು ಜನರ ಹುಚ್ಚಿನ ವಿಷಯ ಅಲ್ಲ. ಕಪ್ಪು ಪರದೆ ಇನ್ನೂ ಎಷ್ಟೋ ಮನೆಗೆ ಬರಲಿದೆ.

ಅಪ್‌ಗ್ರೇಡ್ ಮಾಡಿ, ಆದರೆ ಬಿತ್ತನೆಗೆ ಹದ ನೋಡುವಂತೆ ಹೊತ್ತು ನೋಡಿ ಮಾಡಿ. ಮೊದಲು ಕಡತಗಳ ಇನ್ನೊಂದು ಪ್ರತಿ ಮಾಡಿ. ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇದ್ದಲ್ಲಿಗೆ ಒಯ್ಯಿರಿ. ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳಿ. ಅರ್ಜಿಯ ಕೊನೆ ದಿನದ ಹಿಂದಿನ ರಾತ್ರಿ ಮಾಡಬೇಡಿ. ಉಬುಂಟುವಿನವರೇ ಒಂದು ದೀರ್ಘಾವಧಿ ಆವೃತ್ತಿಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲನ್ನು ಹೊಸದು ಬಂದ ದಿನವೇ ತೆರೆಯುವುದಿಲ್ಲ, ಮೊದಲ ತಿದ್ದುಪಡಿ ಆವೃತ್ತಿ ಬರುವ ತನಕ ಕಾಯುತ್ತಾರೆ. ಮಾಡಿದವರೇ ಕಾಯುವಾಗ ನಮಗೇನು ಅವಸರ?

ಗಡಿಯಾಚೆಯ ಕನ್ನಡದ ಮಕ್ಕಳು

ಇದನ್ನೆಲ್ಲ ಯಾರು ಕಲಿಸಬೇಕು? ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಕಾಸರಗೋಡಿನ ತನಕ ಹೋದರೆ ಸಾಕು. ಕಾಸರಗೋಡು ಕೇರಳದ ಜಿಲ್ಲೆ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳ ತನ್ನ ಸರ್ಕಾರಿ ಶಾಲೆಗಳಿಗೆ ವರ್ಷಗಳಿಂದ ಲಿನಕ್ಸನ್ನೇ ಬಳಸುತ್ತಿದೆ. ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಅಲ್ಲಿನ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿ ತನ್ನದೇ ಆಪರೇಟಿಂಗ್ ಸಿಸ್ಟಂ ಸಿದ್ಧಮಾಡಿ ಶಾಲೆಗಳಿಗೆ ಕೊಡುತ್ತದೆ. 2018ರಲ್ಲಿ ಲಿಟಲ್ ಕೈಟ್ಸ್ ಅಂತ ಪ್ರೌಢಶಾಲಾ ಮಕ್ಕಳ ಕ್ಲಬ್‌ಗಳನ್ನು ಶುರು ಮಾಡಿತು. ಆ ಮಕ್ಕಳು ಅನಿಮೇಷನ್, ಪ್ರೋಗ್ರಾಮಿಂಗ್ ಜೊತೆಗೆ ಹಾರ್ಡ್‌ವೇರ್ ನೋಡಿಕೊಳ್ಳುವುದನ್ನೂ ಕಲಿಯುತ್ತಾರೆ.

ಕನ್ನಡದಲ್ಲೇ ಓದುವ ಇಬ್ಬರು ಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಕಾಸರಗೋಡಿನ ಮಗುವಿಗೆ ಕಂಪ್ಯೂಟರ್ ಕೆಟ್ಟರೆ ಬಿಚ್ಚಿ ನೋಡುವ ವಸ್ತು. ಗಜೇಂದ್ರಗಡದ ಮಗುವಿಗೆ ಅದು ಬೀಗ ಹಾಕಿದ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತ ವಸ್ತು. ಇದು ಬುದ್ಧಿಯ ವ್ಯತ್ಯಾಸ ಅಲ್ಲ, ಕಲಿಸಬೇಕು ಅನ್ನುವ ಮನಸ್ಸಿನ ವ್ಯತ್ಯಾಸ.

ಕರ್ನಾಟಕದಲ್ಲಿ ಯಾರೂ ಏನೂ ಮಾಡಿಲ್ಲ ಅನ್ನುವುದು ಸುಳ್ಳಾಗುತ್ತದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಶಿಕ್ಷಕರಿಗೆ ಮುಕ್ತ ತಂತ್ರಾಂಶ ಕಲಿಸಿದೆ, ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ದೊಡ್ಡ ಸಂಗ್ರಹ ಕಟ್ಟಿದೆ. ಆದರೆ ಅದು ಶಿಕ್ಷಕರ ತರಬೇತಿಯಿಂದ ಇಳಿದು ಊರಿನ ಮನೆಮನೆಗೆ, ಪೇಟೆಯ ರಿಪೇರಿ ಮೇಜಿಗೆ ಬಂದಿಲ್ಲ.

ನಾವು ಕೇಳುವುದು ಇಷ್ಟೇ

ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಸರ್ಕಾರ ಅರಿವು ಕೇಂದ್ರ ಅಂತ ಕರೆದಿದೆ. ಹೆಸರಿಗೆ ತಕ್ಕಂತೆ ಪ್ರತಿ ಅರಿವು ಕೇಂದ್ರದಲ್ಲಿ ಒಂದು ಲೈವ್ ಪೆನ್‌ಡ್ರೈವ್ ಇರಲಿ. ಪುಸ್ತಕ ಎರವಲು ಕೊಟ್ಟಂತೆ ಹೆಸರು ಬರೆದುಕೊಂಡು ಕೊಡಲಿ. ಪಕ್ಕದ ಗೋಡೆಗೆ ಮೇಲಿನ ಆರು ಹೆಜ್ಜೆಗಳ ಒಂದು ಹಾಳೆ ಅಂಟಿಸಲಿ. ಖರ್ಚು ಒಂದು ಪೆನ್‌ಡ್ರೈವ್‌ನದು, ಒಂದು ಜೆರಾಕ್ಸ್‌ನದು.

ಅಂಗಡಿಯವರೇ, ಫಾರ್ಮ್ಯಾಟ್ ಮಾಡುವ ಮೊದಲು ಕಡತ ನಕಲು ಮಾಡಿ ಕೊಡಿ. ಅದಕ್ಕೆ ಬೇರೆ ಹಣ ಕೇಳಿ, ಕೊಡುತ್ತೇವೆ. ಹುಡುಕುವ ಕೆಲಸಕ್ಕೂ ಕೂಲಿ ಇದೆ ಅಂತ ನಾವೂ ಕಲಿಯಬೇಕು.

ಓದುಗರೇ, ನೀವು "ಹ್ಞೂಂ, ಮಾಡ್ರಿ" ಅನ್ನುವ ಮೊದಲು ಒಂದು ನಿಮಿಷ ನಿಲ್ಲಿ. ಫಾರ್ಮ್ಯಾಟ್ ಆಗಿ ಅದರ ಮೇಲೆ ಹೊಸ ಸಿಸ್ಟಂ ಕೂತ ಮೇಲೆ ಹಳೆಯದನ್ನು ತೆಗೆಯುವುದು ಬಹಳ ಕಷ್ಟ, ಎಸ್‌ಎಸ್‌ಡಿ ಆದರೆ ಆಸೆ ಇನ್ನೂ ಕಡಿಮೆ. "ಮೊದ್ಲ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ನೋಡೂಣ್ರಿ" ಅನ್ನಿ. ಎದುರಿನವರು ಒತ್ತದಿದ್ದರೆ ಕಂಪ್ಯೂಟರ್ ಎತ್ತಿಕೊಂಡು ಮನೆಗೆ ಬನ್ನಿ. ಒಂದು ದಿನ ತಡವಾದರೆ ಏನೂ ಹೋಗುವುದಿಲ್ಲ.

ನಾವು ಮೊದಲ ಸಲ ಹಾಗೆ ಎತ್ತಿಕೊಂಡು ಬಂದಿದ್ದರೆ ಆ ಅಜ್ಜಿಯ ಪದಗಳನ್ನು ಇವತ್ತು ನಿಮಗೆ ಕೇಳಿಸುತ್ತಿದ್ದೆವು.